ರೇಡಿಯೊ ಕಿತ್ತ ಜಾಗ

ಅಪ್ಪ,

ನಿಮ್ಮ ಹಳೇ ಕಾರಿನ ರೇಡಿಯೊವನ್ನು ಇವತ್ತು ಕೀಳಿಸಿದೆ. ಹಿಂದಿನ ಸೀಟಿನಿಂದ ಅಮ್ಮ ಬಾಯಿ ತೆರೆದಾಗಲೆಲ್ಲ ನೀವು ಅದರ ಸದ್ದು ಏರಿಸುತ್ತಿದ್ದಿರಿ. ನೀವು ಸತ್ತ ಮೇಲೂ ಅದು ಕೆಡದೆ ಉಳಿದದ್ದು ನನಗೆ ಸಹಿಸಲಾಗಲಿಲ್ಲ.

ಕಿತ್ತ ಮೇಲೆ ಎಲೆಕ್ಟ್ರಿಷಿಯನ್ ಕೇಳಿದ: "ಹಳೇದನ್ನೇ ಒರೆಸಿ ಮತ್ತೆ ಕೂರಿಸ್ಲಾ, ಫೋನಿಗೆ ಸೇರೋ ಹೊಸ ಸ್ಟೀರಿಯೊ ಹಾಕ್ಲಾ? ಖಾಲಿ ಬಿಟ್ರೆ ಬೊಚ್ಚುಬಾಯಿ ಥರ ಕಾಣುತ್ತೆ ಸರ್."

ನಾನು ‘ಹೊಸದು’ ಎನ್ನುವಷ್ಟರಲ್ಲಿ ಅಮ್ಮ ಕಾರಿನೊಳಗಿಂದಲೇ, "ಯಾವ್ದೂ ಬೇಡಪ್ಪ, ಬೊಚ್ಚುಬಾಯೇ ಇರ್ಲಿ. ನಾನೂ ನನ್ನ ಮಗನೂ ಮಾತಾಡ್ಕೊಂಡು ಹೋಗ್ತೀವಿ" ಎಂದಳು. ಇಳಿದು ಬಂದು, ಜೀವಮಾನದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತಳು.

ಮನೆ ತಲುಪುವವರೆಗೂ ಇಬ್ಬರಿಗೂ ಒಂದು ಮಾತೂ ಹುಟ್ಟಲಿಲ್ಲ.

ನೀವೇ ಗೆದ್ದಿರಿ ಬಿಡಿ.