ಎರಡು ಬೆರಳು ತಗ್ಗಿಸಿದ ಕಾರು

ಹಿರೇಗುಂಟನೂರು
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಅಂಜಲಿ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಸೂಜಿ ಹಾಕಿಸಿದ ಮೇಲೆ ಮಗಳಿಗೆ ಬಂದಿದ್ದ ಜ್ವರ ಇಳಿಯಿತೆಂದು ಅತ್ತೆ ಅಮ್ಮನಿಗೆ ಹೇಳಿದರಂತೆ, ಅಮ್ಮ ನನಗೆ ಹೇಳಿದಳು. ನನ್ನ ಮಗಳ ಸುದ್ದಿ ನನಗೆ ಹೀಗೆ ಎರಡು ಮನೆ ಸುತ್ತಿಕೊಂಡು ಬರುತ್ತಿದೆ. ನೀನು ಫೋನ್ ಎತ್ತುವುದಿಲ್ಲ. ಮೆಸೇಜು ಓದುತ್ತೀಯ, ಉತ್ತರವಿಲ್ಲ. ಕಾಗದವನ್ನಾದರೂ ಕೊನೆಯವರೆಗೆ ಓದಬಹುದು ಎಂಬ ಆಸೆಯಿಂದ ಬರೆಯಲು ಕೂತಿದ್ದೇನೆ. ಸ್ಕೂಲಿನಲ್ಲಿ ರಜೆ ಅರ್ಜಿ ಬರೆದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನೀನೊಬ್ಬಳೇ ನಗು, ನಿನ್ನ ತಂಗಿಗೆ ತೋರಿಸಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಹಾಗೇ ಇದೆ. ಅಪ್ಪನ ಮಂದೆಯಲ್ಲಿ ಈ ವಾರ ಆರು ಕುರಿ ಈದಿವೆ. ಅದರ ನಡುವೆಯೂ ಬಿಡುವು ಮಾಡಿಕೊಂಡು ಅಪ್ಪ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತೊಳೆದು, ಹೊಸ ಹಗ್ಗ ಹಾಕಿ ಇಟ್ಟಿದ್ದಾನೆ. ಕೂಸಿಗೆ ಐದನೇ ತಿಂಗಳು ಬಿದ್ದ ಕೂಡಲೇ ಸೊಸೆ ಬರುತ್ತಾಳೆಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಮಾತ್ರ ಬಾಯಿ ಬಿಡುವುದಿಲ್ಲ. ಹೋದ ತಿಂಗಳು ನಾನು ಹೊಸದುರ್ಗಕ್ಕೆ ಬಂದಾಗ ನೀನು ಆಡಿದ್ದು ಒಂದೇ ಮಾತು: "ಆ ಕಾರಾಗೆ ನನ್ ಮಗಳು ಕುಂದ್ರಲ್ಲ, ನಾನೂ ಕುಂದ್ರಲ್ಲ." ಅತ್ತೆ ಅದನ್ನು ನಿನ್ನ ಹಠ ಅಂದರು. ನಾನು ಕಾಫಿ ಕುಡಿದು ಎದ್ದು ಬಂದೆ. ನೀನು ಬರುತ್ತೀಯೋ ಇಲ್ಲವೋ ಎನ್ನುವ ಯೋಚನೆ ಅವತ್ತಿನಿಂದ ಕರೆಂಟ್ ಕಂಬ ಹತ್ತಿ ಲೈನ್ ಕೆಲಸ ಮಾಡುವಾಗಲೂ ಬಿಟ್ಟಿಲ್ಲ.

ಕಾರು ತಗ್ಗಿಸಿದ್ದು ಶೋಕಿಗೆ, ಇವತ್ತು ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆ ಮಂಡಿ ಎತ್ತಿ ಹತ್ತಲು ಆಗುವುದಿಲ್ಲ, ಅದಕ್ಕೇ ತಗ್ಗಿಸಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಅರ್ಧ ನಿಜ. ಅಮ್ಮ ಯಾರ ಕೈಯೂ ಹಿಡಿಯದೆ ಸಲೀಸಾಗಿ ಕೂತದ್ದೂ ಹೌದು, "ಸೊಂಟ ಊರಿದ್ರೆ ಆತು, ನಮ್ಮ ಜಗಲಿ ಇದ್ದಂಗೈತೆ" ಎಂದು ಹಿಗ್ಗಿದ್ದೂ ಹೌದು. ಆದರೆ ದುರ್ಗದಲ್ಲಿ ಗೆಳೆಯ ಓಬಳೇಶನ ಕಾರು ನೆಲ ಸವರಿಕೊಂಡು ಹೋಗುವುದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವನೇ ಗ್ರೈಂಡರ್ ಹಿಡಿದು ನಾಲ್ಕೂ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕತ್ತರಿಸಿಕೊಟ್ಟ. ಅವತ್ತು ಫೋಟೋ ತೆಗೆದವಳು ನೀನೇ. ಆಮೇಲೆ ಹೊಳಲ್ಕೆರೆಯ ಮದುವೆ ಮುಗಿಸಿಕೊಂಡು ಬರುವಾಗ ರಸ್ತೆಯ ಆ ಹಂಪಿನಲ್ಲಿ ಏನಾಯಿತೆಂದು ನಿನಗೆ ಬರೆದು ತಿಳಿಸಬೇಕಿಲ್ಲ. ಕಾರು ಧಡ್ ಎಂದು ಕೂತಿತು, ನೀನು ಏಳು ತಿಂಗಳ ಹೊಟ್ಟೆ ಹಿಡಿದುಕೊಂಡೆ, ಸೀಟಿನ ಮೇಲೆ ರಕ್ತ. ನಾಲ್ಕು ದಿನ ಆಸ್ಪತ್ರೆ, ಅಲ್ಲಿಂದಲೇ ನೀನು ತವರಿಗೆ ಹೋದೆ. ಮಗು ಉಳಿಯಿತು. ಅವತ್ತಿನಿಂದ ನಾನು ಆ ಹಂಪನ್ನು ದಾಟುವುದೇ ಇಲ್ಲ, ಸುತ್ತಿಕೊಂಡು ಬರುತ್ತೇನೆ.

ಆ ಕಾರಿನಲ್ಲಿ ಕೂರುವುದಿಲ್ಲ ಎಂದು ನೀನು ಅಂದ ಮರುದಿನವೇ ಕಾರನ್ನು ಹಿರಿಯೂರಿಗೆ ತೆಗೆದುಕೊಂಡು ಹೋದೆ. ಐಮಂಗಲದಲ್ಲಿ ನನ್ನ ಜೊತೆ ಕೆಲಸ ಮಾಡುವವರು ಹೈವೇ ಪಕ್ಕದ ಮೋಹನ್‌ಕುಮಾರ್ ಎಂಬ ಮೆಕ್ಯಾನಿಕ್‌ನ ಹೆಸರು ಹೇಳಿದ್ದರು. ಅವನು ಚಕ್ರ ಬಿಚ್ಚಿ, ಕತ್ತರಿಸಿದ ಸ್ಪ್ರಿಂಗ್ ನೋಡಿ, ನನ್ನನ್ನು ನೋಡಿ, ಒಂದು ಬೀಡಿ ಹಚ್ಚಿದ. ಆಮೇಲೆ ಬೈದ. "ಸ್ಪ್ರಿಂಗು ಹೊರೋದು, ಶಾಕು ಹಿಡಿಯೋದು ಕಣಪ್ಪ. ಹೊರೋನ್ನ ಗಿಡ್ಡ ಮಾಡಿ ಹಿಡಿಯೋನ್ನ ಹಂಗೇ ಬಿಟ್ರೆ ಆತೇನು?" ಕಾರು ತಗ್ಗಿದಾಗ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಒಳಗೆ ಅದುಮಿಕೊಳ್ಳಲು ಜಾಗವೇ ಉಳಿದಿರಲಿಲ್ಲವಂತೆ. ಸಣ್ಣ ಹಂಪಿಗೂ ಅದು ತಳಕ್ಕೆ ಬಡಿಯುತ್ತದೆ, ಬಡಿದ ಏಟು ಕೂತವರ ಮೈಗೆ ಹೋಗುತ್ತದೆ. ಅಷ್ಟು ಕೇಳಿದ ಮೇಲೆ ನಾನು ಅವನ ಶೆಡ್ಡಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಅಳು ಬಂತು ಅಂಜಲಿ, ಸುಳ್ಳಲ್ಲ.

ಅವನು ಮೂರು ದಾರಿ ಹೇಳಿದ. ಕಂಪನಿ ಎತ್ತರಕ್ಕೇ ವಾಪಸ್ ಹೋಗುವುದು. ಈ ಕಾರಿಗೆಂದೇ ಮಾಡಿದ, ಮೂವತ್ತು ಮಿಲಿಮೀಟರ್ ಮಾತ್ರ ತಗ್ಗಿಸುವ ಸ್ಪ್ರಿಂಗು ಹಾಗೂ ಅದಕ್ಕೆ ಜೋಡಿಯಾದ ಗಿಡ್ಡ ಶಾಕು. ಇಲ್ಲವೇ ಬೇಕಾದಾಗ ತಿರುಗಿಸಿ ಎತ್ತರ ಬದಲಿಸುವ ಸೆಟ್ಟು. ಮೂರನೆಯದನ್ನು ಅವನೇ ಬೇಡವೆಂದ. "ನೀನು ದಿನಾ ತಿರುಪ್ತಾ ಕುಂದ್ರೋ ಆಸಾಮಿ." ಮೊದಲನೆಯದಕ್ಕೇ ಹೂಂ ಅನ್ನಬೇಕಿತ್ತು ಎಂದು ನೀನು ಅನ್ನುತ್ತೀಯ. ಅಮ್ಮ ಮತ್ತೆ ಬಾಗಿಲು ಹಿಡಿದು ಒದ್ದಾಡುವುದು ಕಣ್ಣ ಮುಂದೆ ಬಂತು, ಎರಡು ಬೆರಳು ತಗ್ಗು ಇರಲಿ ಅಂದೆ. ಸ್ಪ್ರಿಂಗ್ ಮಾತ್ರ ಹಾಕಿಸಿದೆ. ಶಾಕನ್ನೂ ಬದಲಿಸು ಎಂದು ಅವನು ಬಡಿದುಕೊಂಡ. ಎಣ್ಣೆ ಸೋರುತ್ತಿಲ್ಲವಲ್ಲ, ಚೆನ್ನಾಗೇ ಇದೆ ಎಂದು ನಾನು ವಾದ ಮಾಡಿದೆ. ನನ್ನ ಬುದ್ಧಿ ನಿನಗೆ ಗೊತ್ತೇ ಇದೆ.

ಮನೆಗೆ ತಂದು, ಈಗ ಕಾರು ಮೆತ್ತಗೆ ಓಡುತ್ತದೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಕಾರಿನ ಕಡೆ ತಿರುಗಲೂ ಇಲ್ಲ. "ಬಾಣಂತಿ, ಹಸುಗೂಸು ಕುಂದ್ರೋ ಗಾಡಿ. ನೀನು ಹೇಳಿದ್ರೆ ನಂಬಲ್ಲ, ಕುರಿ ಹೇಳ್ಲಿ" ಅಂದ. ಈದ ಕುರಿಯನ್ನು ಗಾಡಿಯಲ್ಲಿ ಸಾಗಿಸುವಾಗ ಅಪ್ಪ ರಸ್ತೆ ನೋಡುವುದಿಲ್ಲ, ಕುರಿಯ ದವಡೆ ನೋಡುತ್ತಾನೆ. ಮೈಗೆ ಹಿತವಾಗಿದ್ದರೆ ಅದು ಮೆಲುಕು ಹಾಕುತ್ತಲೇ ಇರುತ್ತದೆ, ದಿಗಿಲಾದರೆ ದವಡೆ ನಿಲ್ಲುತ್ತದೆ. ಹಿಂದಿನ ಸೀಟಿಗೆ ಟಾರ್ಪಾಲು ಹಾಸಿ, ಈದು ನಾಲ್ಕು ದಿನವಾಗಿದ್ದ ಕುರಿಯನ್ನು ಮಲಗಿಸಿ, ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅಪ್ಪ ಕೂತ. ಅದು ಮೆಲುಕು ಶುರು ಮಾಡುವ ತನಕ ನನಗೆ ಗಾಡಿ ಎತ್ತಲು ಬಿಡಲಿಲ್ಲ, ಅರ್ಧ ಗಂಟೆ ಕಾಯಿಸಿದ. ಹೋಟೆಲಿನ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತು ನೋಡಿದರು. ಒಬ್ಬನಂತೂ ಯಾರ ಮದುವೆಗೆ ಹೊರಟಿರಿ ಎಂದು ಕುರಿಯನ್ನೇ ಕೇಳಿದ. ಮೊದಲನೇ ಹಂಪಿನಲ್ಲಿ ಕಾರು ಬಡಿಯಲಿಲ್ಲ, ಆದರೆ ದಾಟಿದ ಮೇಲೂ ಮೂರು ಸಲ ಕುಣಿಯಿತು. "ದವಡಿ ನಿಂತೋತು, ತಿರುಗ್ಸು ಮನಿಗೆ" ಅಂದ ಅಪ್ಪ. ಸ್ಪ್ರಿಂಗ್ ಹೊಸದು, ಅದರ ಕುಣಿತ ಹಿಡಿಯುವ ಶಕ್ತಿ ಹಳೆಯ ಶಾಕಿಗೆ ಇರಲಿಲ್ಲ. ಮೋಹನ್‌ಕುಮಾರ್ ಹೇಳಿದ್ದನ್ನೇ ಕುರಿ ಹೇಳಿತು.

ಮತ್ತೆ ಹಿರಿಯೂರಿಗೆ ಹೋದೆ. ಈ ಸಲ ನಾಲ್ಕೂ ಶಾಕು, ಮೇಲಿನ ರಬ್ಬರು, ಒಳಗಿನ ತಡೆರಬ್ಬರು ಎಲ್ಲ ಹೊಸದು. ನಾನೂ ಜೊತೆಗೆ ಕೂತು ಮಾಡಿದೆ. ಸ್ಪ್ರಿಂಗನ್ನು ಎರಡು ಕಡೆ ಕ್ಲಾಂಪು ಹಾಕಿ ಅದುಮುವಾಗ ಅದು ಜಾರಿದರೆ ಮುಖ ಉಳಿಯುವುದಿಲ್ಲ. ಆ ಕೆಲಸಕ್ಕೆ ಅವನು ನನ್ನನ್ನು ಹತ್ತಿರ ಬಿಡಲಿಲ್ಲ. ಕೊನೆಗೆ ನಾನು ಉತ್ಸಾಹದಿಂದ ಬೋಲ್ಟು ಬಿಗಿಯಲು ಹೋದರೆ ಸ್ಪ್ಯಾನರ್ ಕಿತ್ತುಕೊಂಡ. "ಲೇ, ಗಾಡಿ ಇನ್ನೂ ಜಾಕ್ ಮ್ಯಾಗೈತೆ. ನೆಲಕ್ಕಿಳಿದು ಅದರ ಭಾರ ಅದರ ಮ್ಯಾಲೆ ಬಿದ್ದ ಮ್ಯಾಲೇ ಬಿಗೀಬೇಕು, ಇಲ್ಲಾಂದ್ರೆ ರಬ್ಬರ್ ಹರೀತೈತೆ." ಇಳಿಸಿದೆವು, ಬಿಗಿದೆವು, ಚಕ್ರದ ಅಲೈನ್‌ಮೆಂಟ್ ಮಾಡಿಸಿದೆವು. ವಾರವೆಲ್ಲ ಓಡಿಸಿ ಸ್ಪ್ರಿಂಗು ಕೂತ ಮೇಲೆ ಇನ್ನೊಮ್ಮೆ ತೋರಿಸಿ ಬಂದೆ.

ಮೊನ್ನೆ ಶುಕ್ರವಾರ ಅದೇ ಕುರಿ, ಅದೇ ಮರಿ, ಅದೇ ಅಪ್ಪ. ಊರ ಮುಂದಿನ ಎರಡು ಹಂಪು ದಾಟಿದೆವು, ದವಡೆ ನಿಲ್ಲಲಿಲ್ಲ. ಕೆರೆ ಏರಿಯ ಹತ್ತಿರ ಊರಿನವರೇ ಮಣ್ಣು ಸುರಿದು ಮಾಡಿದ ಹಂಪು ಇದೆಯಲ್ಲ, ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಅಲ್ಲಿ ಕಾರಿನ ಹೊಟ್ಟೆ ಸ್ವಲ್ಪ ಸವರಿತು ಕೂಡ, ಮುಚ್ಚಿಡುವುದಿಲ್ಲ. ಅಡ್ಡಡ್ಡ ಹತ್ತಿಸಿದರೆ ಸವರುವುದಿಲ್ಲ, ನೋಡಿಕೊಂಡಿದ್ದೇನೆ. ಅಪ್ಪ ಇಳಿಯುವಾಗ ಮರಿಯ ಬೆನ್ನು ಸವರುತ್ತಾ "ಕೂಸು ಕುಂದ್ರಬೌದು" ಅಂದ. ಅಷ್ಟೇ ಅಂದದ್ದು. ಸೀಟನ್ನು ಮೂರು ಸಲ ತೊಳೆದಿದ್ದೇನೆ, ಆದರೂ ಕುರಿಯ ವಾಸನೆ ಪೂರ್ತಿ ಹೋಗಿಲ್ಲ. ಅದಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ.

ಬಾ ಎಂದು ಹೇಳುವ ಧೈರ್ಯ ನನಗಿಲ್ಲ. ಬಂದರೆ ಸಾಕು ಎನ್ನುವ ಆಸೆ ಇದೆ, ಅದನ್ನು ಮುಚ್ಚಿಟ್ಟೇನು ಪ್ರಯೋಜನ. ಮನೆಯಲ್ಲಿ ನೀನಿಲ್ಲದೆ ನನಗೆ ಬೇಸರವಾಗುತ್ತದೆ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಮಗಳ ಎರಡೂ ಅಂಗಾಲಿಗೆ ಅವಳ ಅಪ್ಪನ ಮುತ್ತು. ಅಮ್ಮ, ಅಪ್ಪ ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಅನ್ನುತ್ತಿದ್ದಾರೆ.

ನಿನ್ನ,
ಪ್ರಭುಲಿಂಗ

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ದಂಡ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಮದುವೆ ಛತ್ರದ ಮೆಟ್ಟಿಲಲ್ಲಿ ನೋಡದೆ ನಡೆದು ಜಾರಿದಳು ಎಂದು ನಾನು ಹೇಳಿದೆ. ಮಂಚದ ಮೇಲೆ ಮಲಗಿ ನೀನು ಕೇಳಿಸಿಕೊಂಡೆ, ಸುಮ್ಮನಿದ್ದೆ. ಎರಡೂ ಮನೆಯವರು ಐದು ತಿಂಗಳು ನಿನ್ನನ್ನೇ ಬೈದರು, ಆಗಲೂ ನೀನು ಸುಮ್ಮನಿದ್ದೆ. ನಿನ್ನೆ ಅಪ್ಪ ಅಮ್ಮನಿಗೆ ನಿಜ ಹೇಳಿದೆ. ಇವತ್ತು ಬೆಳಿಗ್ಗೆ ಮಾವನಿಗೆ ಫೋನ್ ಮಾಡಿ ಹೇಳಿದೆ. "ನನ್ ಮಗಳ್ನ ಎಷ್ಟು ಬೈದ್ವಲ್ಲಪ್ಪ" ಅಂದರು, ಫೋನ್ ಇಟ್ಟರು. ಈ ಕಾಗದ ಸೇರುವ ಹೊತ್ತಿಗೆ ಅವರೆಲ್ಲ ನಿನ್ನ ಮುಂದೆ ಕೂತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿರುತ್ತಾರೆ. ಇನ್ನು ನನ್ನನ್ನು ಉಳಿಸಲು ಏನೂ ಹೇಳಬೇಡ.