ಸಮುದ್ರಕ್ಕೆ ಕಾಯಲು ಹೇಳಿದ ಅಧಿಕಾರಿಗೆ

ಮಾನ್ಯರೇ,

ಈ ಪತ್ರದ ಮೊದಲ ಕರಡಿನಲ್ಲಿ ಒಂದು ಮಾತನ್ನು ಬಿಟ್ಟಿದ್ದೆ. ಬಿಟ್ಟರೆ ಪತ್ರ ಸಭ್ಯವಾಗಿರುತ್ತದೆ, ನನ್ನ ನೌಕರಿಗೂ ಕುತ್ತು ಬರುವುದಿಲ್ಲ ಎಂದುಕೊಂಡಿದ್ದೆ. ಈಗ ಅದನ್ನೇ ಮೊದಲು ಬರೆಯುತ್ತೇನೆ. ಕಳೆದ ಗಾಂಧಿ ಜಯಂತಿಯ ಬೆಳಿಗ್ಗೆ, ಅಂಕೋಲೆಯ ಹತ್ತಿರದ ಬೆಳಂಬಾರದ ಗದ್ದೆಗಳಿಗೆ ಉಪ್ಪುನೀರು ನುಗ್ಗುವ ಮೊದಲು, ಒಡ್ಡಿನ ಬಾಗಿಲು ಮುಚ್ಚಿ ಬರುತ್ತೇನೆಂದ ನೌಕರನನ್ನು ತಡೆದವರು ನೀವು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿಮ್ಮ ಕಚೇರಿಯ ಹೇಳಿಕೆಯಲ್ಲಿ ‘ಅಸಾಧಾರಣ ಉಬ್ಬರ’ ಇದೆ, ‘ಹೊರಗುತ್ತಿಗೆ ನೌಕರನ ಕರ್ತವ್ಯಲೋಪ’ ಇದೆ. ನೀವು ಮಾತ್ರ ಎಲ್ಲಿಯೂ ಇಲ್ಲ.

ಈ ಪತ್ರದ ಪ್ರತಿಯನ್ನು ಓದುವ ಇತರರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಹಿನ್ನೀರಿನ ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಅಷ್ಟಿಷ್ಟು ಉಪ್ಪನ್ನು ಅದು ತಾಳಿಕೊಳ್ಳುತ್ತದೆ, ಆದರೆ ತೆನೆ ಹಾಲು ತುಂಬುವಾಗ ಸಮುದ್ರವೇ ಬಂದು ಕೂತರೆ ತಾಳುವುದಿಲ್ಲ. ಅದಕ್ಕೇ ಒಡ್ಡು, ಒಡ್ಡಿಗೊಂದು ಬಾಗಿಲು. ನೀರು ಇಳಿದಾಗ ತೆರೆದು ಮಳೆನೀರನ್ನು ಹೊರಗೆ ಬಿಡಬೇಕು, ಏರುವ ಮೊದಲು ಮುಚ್ಚಬೇಕು. ಹಿಂದೆ ಅದು ಮರದ ಹಲಗೆಗಳ ಬಾಗಿಲಾಗಿತ್ತು. ಮನೆಗೊಂದು ಪಾಳಿ, ಹದಿನೈದು ದಿನಗಳ ಒಂದು ಪಕ್ಷ. ಪಾಳಿ ಬಂದ ಮನೆಯವರು ಆ ಪಕ್ಷದಲ್ಲಿ ನೆಂಟರ ಮದುವೆಗೂ ಊರು ಬಿಟ್ಟು ಹೋಗುತ್ತಿರಲಿಲ್ಲ. ಹೋಗಲೇಬೇಕಾದರೆ ಪಕ್ಕದ ಮನೆಯವರ ಕೈ ಹಿಡಿದು ಒಪ್ಪಿಸಿ ಹೋಗಬೇಕಿತ್ತು. ಅವರಿಗೆ ಯಾರೂ ಪ್ರಶಸ್ತಿ ಕೊಡುತ್ತಿರಲಿಲ್ಲ.

ಆಮೇಲೆ ಒಡ್ಡುಗಳ ಉಸ್ತುವಾರಿ ಹೊತ್ತ ನಿಮ್ಮ ಕಚೇರಿ ಕಬ್ಬಿಣದ ಬಾಗಿಲು ಕೂರಿಸಿತು. ಒಳ್ಳೆಯ ಕೆಲಸವೇ. ಜೊತೆಗೆ ಬಾಗಿಲಿನ ಚಕ್ರಕ್ಕೆ ಸರಪಳಿ ಬಂತು, ಸರಪಳಿಗೆ ಬೀಗ ಬಂತು, ‘ಸರ್ಕಾರಿ ಸ್ವತ್ತು, ಮುಟ್ಟಿದವರ ಮೇಲೆ ಕ್ರಮ’ ಎಂಬ ಹಲಗೆ ಬಂತು. ಚಾವಿ ತುಳಸಿದಾಸ ಎಂಬ ಹೊರಗುತ್ತಿಗೆ ನೌಕರನ ಜೇಬಿಗೆ ಹೋಯಿತು. ಊರಿನ ಪಾಳಿ ಅಲ್ಲಿಗೆ ಮುಗಿಯಿತು.

ಈಗ ಆ ಬೆಳಿಗ್ಗೆ. ನಾನು ಕಾರವಾರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿ. ನೀವು ನಮ್ಮ ಮುಖ್ಯ ಅತಿಥಿ. ನಿಮ್ಮ ವಿಷಯ: ನಾಯಕತ್ವದಲ್ಲಿ ಶ್ರಮ ಮತ್ತು ಕರ್ತವ್ಯ. ನಿಮ್ಮನ್ನು ಪರಿಚಯಿಸುವ ಕೆಲಸ ನನ್ನದಾಗಿತ್ತು. ನಿಮ್ಮ ಹಣ್ಣಿನ ಬುಟ್ಟಿ, ಫೈಲು, ಕ್ಯಾಮೆರಾ ಹೊತ್ತು ತುಳಸಿದಾಸ ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಬೆಳಗಿನ ಇಳಿತಕ್ಕೆ ಬಾಗಿಲು ತೆರೆದು, ನಿಯಮದಂತೆ ಸರಪಳಿಗೆ ಬೀಗ ಹಾಕಿದವನನ್ನು ನೀವು ಫೋನು ಮಾಡಿ ಅಂಕೋಲೆಯಿಂದ ಇಲ್ಲಿಗೆ ಕರೆಸಿಕೊಂಡಿದ್ದಿರಿ. ಬುಟ್ಟಿ ಹೊರಲು ಬೇರೆ ಯಾರೂ ಇರಲಿಲ್ಲವೇ? ಇದ್ದರು. ನಮ್ಮ ಶಾಲೆಯಲ್ಲೇ ಇಬ್ಬರು ಜವಾನರಿದ್ದರು.

ಅವನು ನಿಮ್ಮ ಕುರ್ಚಿಯ ಹಿಂದೆ ಬಗ್ಗಿ ಹೇಳಿದ: “ಸಾಹೇಬ್ರೆ, ಬಾಗ್ಲು ತೆರ್ದೇ ಅದೆ. ಇವತ್ತು ಅಮಾಸೆ ನೀರು, ಹನ್ನೊಂದಕ್ಕೆಲ್ಲ ತುಂಬ್ತದೆ. ನಾ ಹೋಗ್ಲಾ?”

ನೀವು ತಿರುಗಿಯೂ ನೋಡದೆ ಹೇಳಿದಿರಿ: “ಸಮುದ್ರಕ್ಕೆ ಸ್ವಲ್ಪ ಕಾಯೂಕೆ ಹೇಳು ಮಾರಾಯಾ. ಶಾಲು ಹೊದಿಸೂದು ಮುಗೀಲಿ, ಫೋಟೋ ಯಾರು ತೆಗೀತಾರೆ?”

ಮುಂದಿನ ಸಾಲಿನವರು ನಕ್ಕರು. ತುಳಸಿದಾಸನೂ ನಕ್ಕ, ನಗದೆ ಅವನಿಗೆ ಬೇರೆ ದಾರಿ ಇರಲಿಲ್ಲ. ನೀವು ಎದ್ದು ಮೈಕಿನ ಮುಂದೆ ನಿಂತು, ತನಗೆ ಒಪ್ಪಿಸಿದ ಜಾಗವನ್ನು ಯಾವ ಕಾರಣಕ್ಕೂ ಬಿಡದವನೇ ನಾಯಕ ಎಂದಿರಿ. ಮಕ್ಕಳು ಚಪ್ಪಾಳೆ ತಟ್ಟಿದರು. ಭಾಷಣ ಚೆನ್ನಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ.

ನೀವು ಕಾರು ಹತ್ತುವ ಹೊತ್ತಿಗೆ ನನಗೆ ಫೋನು ಬಂತು. ಬೆಳಂಬಾರದಿಂದ ನನ್ನ ಚಿಕ್ಕಪ್ಪನ ಹೆಂಡತಿ ಬೀರಿ ಚಿಕ್ಕಿ.

“ತಂಗೀ, ನೀರು ಬಂತೇ. ಗದ್ದೆ ಕಾಣೂದೇ ಇಲ್ಲ. ಬರೀ ಸಮುದ್ರ.”

“ಬಾಗಿಲು ಮುಚ್ಚಲಿಲ್ವಾ ಚಿಕ್ಕಿ?”

“ಹ್ಯಾಂಗೆ ಮುಚ್ಚೂದು? ಬೀಗ ಅದೆ. ಜಟ್ಟು ಹಾರೆ ತಕಂಡು ಹೋಗಿದ್ದ. ನಾನೇ ಬೇಡ ಅಂದೆ. ಸರ್ಕಾರದ್ದು, ನಾಳೆ ಪೊಲೀಸ್ರು ಬಂದು ಅವ್ನ ಎಳ್ಕಂಡು ಹೋದ್ರೆ? ಒಡ್ಡಿನ್ ಮೇಲೆ ಊರೇ ನಿಂತದೆ. ಎಲ್ಲ ನೋಡ್ತಾ ನಿಂತಾರೆ.”

ಜಟ್ಟು ಅವಳ ಮಗ. ನಾನು ಅಂದಿನಿಂದ ಮತ್ತೆ ಮತ್ತೆ ಯೋಚಿಸುವುದು ನಿಮಗಿಂತ ಹೆಚ್ಚಾಗಿ ಈ ದೃಶ್ಯದ ಬಗ್ಗೆ. ತಲೆಮಾರುಗಳಿಂದ ಆ ಬಾಗಿಲನ್ನು ಏರಿಸಿ ಇಳಿಸಿದ ಜನ, ಒಂದು ಬೀಗದ ಮುಂದೆ ಕೈಕಟ್ಟಿ ನಿಂತು ತಮ್ಮ ತೆನೆ ಮುಳುಗುವುದನ್ನು ನೋಡಿದರು. ಹಾರೆ ಕೈಯಲ್ಲಿತ್ತು. ಎರಡು ಏಟಿಗೆ ಸರಪಳಿ ತುಂಡಾಗುತ್ತಿತ್ತು. ಅವರು ಒಳ್ಳೆಯ ಪ್ರಜೆಗಳು ಮಾನ್ಯರೇ, ಹಲಗೆಯಲ್ಲಿ ಬರೆದದ್ದನ್ನು ಪಾಲಿಸಿದರು. ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದೂ ಇದನ್ನೇ, ಮುಟ್ಟಬೇಡ ಎಂದರೆ ಮುಟ್ಟಬೇಡ ಎಂದು. ಕರ್ತವ್ಯವನ್ನು ನಿಮ್ಮ ಕಚೇರಿ ಅವರ ಕೈಯಿಂದ ಕಿತ್ತುಕೊಂಡಿತು, ವಿಧೇಯತೆಯನ್ನು ಮಾತ್ರ ಅವರಲ್ಲಿ ಉಳಿಸಿತು. ಕಿತ್ತುಕೊಂಡದ್ದನ್ನು ನೀವಾದರೂ ಮಾಡಿದಿರಾ?

ನನ್ನ ಗಂಡ ಭಾಸ್ಕರ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ತನ್ನ ಜಾಗಕ್ಕೆ ಬರುವವನು ಬಂದು ಕೂರುವವರೆಗೆ ಏಳುವಂತಿಲ್ಲ. ಬಸ್ಸು ಕೆಟ್ಟು ಮುಂದಿನ ಪಾಳಿಯವರು ತಡವಾದರೆ ಮನೆಗೆ ಫೋನು ಮಾಡಿ, “ಊಟ ಮುಚ್ಚಿಡು” ಎನ್ನುತ್ತಾರೆ, ಅಷ್ಟೇ. ಆದರೆ ನಾನು ಈ ಪತ್ರ ಬರೆಯುತ್ತೇನೆಂದಾಗ ಅವರೇ, “ಅಧಿಕಾರಿಗಳ ಸಂಗಡ ನಿಂಗೆಂತಕ್ಕೆ ಜಗಳ? ಚಿಕ್ಕಿಗೆ ಪರಿಹಾರ ಸಿಕ್ರೆ ಸಾಕಲ್ವಾ?” ಎಂದರು. ಸಾಕೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಮುಳುಗಿದ್ದು ಬೇರೆ ಯಾರದೋ ಚಿಕ್ಕಿಯ ಗದ್ದೆಯಾಗಿದ್ದರೆ ನಾನು ಬರೆಯುತ್ತಿದ್ದೆನೇ? ಗೊತ್ತಿಲ್ಲ. ಬಹುಶಃ ಇಲ್ಲ. ಇದು ಬರೀ ನ್ಯಾಯದ ಹಂಬಲ ಎಂದು ಹೇಳಿಕೊಳ್ಳುವಷ್ಟು ದೊಡ್ಡತನ ನನಗಿಲ್ಲ. ಇದರಲ್ಲಿ ಸೇಡಿದೆ. ಇರಲಿ.

ಏಕೆಂದರೆ ಆಮೇಲೆ ನೀವು ಮಾಡಿದ್ದು ಮೊದಲು ಮಾಡಿದ್ದಕ್ಕಿಂತ ಕೆಟ್ಟದ್ದು. ತುಳಸಿದಾಸನನ್ನು ತೆಗೆದುಹಾಕಿದಿರಿ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಚಾವಿಯನ್ನು ಕಾರವಾರಕ್ಕೆ ತರಿಸಿಕೊಂಡು, ತನಿಖೆ ಮುಗಿಯುವವರೆಗೆ ಬಾಗಿಲನ್ನು ಯಥಾಸ್ಥಿತಿಯಲ್ಲಿಡಬೇಕು ಎಂದು ಆದೇಶ ಹೊರಡಿಸಿದಿರಿ. ಯಥಾಸ್ಥಿತಿ ಎಂದರೆ ಏನು ಸ್ವಾಮೀ? ಬಾಗಿಲು ತೆರೆದ ಸ್ಥಿತಿ! ತೆರೆದ ಬಾಗಿಲಿನಿಂದ ಹಾನಿಯಾಯಿತೇ ಎಂದು ಪರಿಶೀಲಿಸುವುದಕ್ಕಾಗಿ ಅದನ್ನು ಅಕ್ಟೋಬರಿನಿಂದ ಈ ಮೇ ತಿಂಗಳವರೆಗೆ ತೆರೆದೇ ಇಟ್ಟಿದ್ದೀರಿ. ಪ್ರತಿ ಉಬ್ಬರಕ್ಕೂ ಗದ್ದೆ ಉಪ್ಪು ಕುಡಿಯುತ್ತಿದೆ. ಕೇಳಲು ಹೋದ ಬೀರಿ ಚಿಕ್ಕಿಗೆ ನಿಮ್ಮ ಕಚೇರಿಯಲ್ಲಿ ಒಬ್ಬರು, “ಅಜ್ಜಿ, ಸೀಗಡಿ ಸಾಕಿ, ಒಳ್ಳೆ ರೇಟು ಅದೆ” ಎಂದರಂತೆ. ಅವಳು, “ನಿಮ್ಮ ಸಾಹೇಬ್ರ ಮನೆ ಅಂಗಳಕ್ಕೂ ನೀರು ಬಿಡ್ರಿ, ಒಟ್ಟಿಗೇ ಸಾಕ್ವ” ಎಂದು ಎದ್ದು ಬಂದಿದ್ದಾಳೆ.

ಅವಳ ಮನೆಯ ಬೀಜದ ಭತ್ತವೂ ಆ ಗದ್ದೆಯಲ್ಲೇ ಇತ್ತು. ಕುಮಟೆಯ ಕಡೆಯ ನೆಂಟರಿಂದ ಒಂದು ಮುಡಿ ಕಗ್ಗದ ಬೀಜ ಬೇಡಿ ತಂದು ಅಟ್ಟದಲ್ಲಿಟ್ಟಿದ್ದಾಳೆ. ಈಗಲಾದರೂ ಬಾಗಿಲು ಮುಚ್ಚಿದರೆ ಗದ್ದೆ ಒಣಗುತ್ತದೆ, ಮೊದಲ ಮಳೆ ಉಪ್ಪು ತೊಳೆಯುತ್ತದೆ, ಬಿತ್ತಬಹುದು. ಬರುವ ಅಮಾವಾಸ್ಯೆಯ ನೀರೂ ಒಳಗೆ ಬಂದು ನಿಂತರೆ ಈ ವರ್ಷವೂ ಇಲ್ಲ. ಈ ವರ್ಷ ಬಿತ್ತದೆ ಇಟ್ಟ ಬೀಜ ಮುಂದಿನ ವರ್ಷ ಮೊಳೆಯುವುದಿಲ್ಲ ಎಂಬ ಭಯ ಅವಳಿಗೆ. ಅವಳ ಪಾಲಿಗೆ ಉಳಿದಿರುವುದು ಇದೊಂದೇ ಬಿತ್ತನೆ.

ಆದ್ದರಿಂದ ನನ್ನ ಬೇಡಿಕೆ. ಮೇ 27, ಮಂಗಳವಾರ, ಅಮಾವಾಸ್ಯೆಯ ಉಬ್ಬರ ಏರುವ ಮೊದಲು ಚಾವಿ ಹಿಡಿದು ನೀವೇ ಬೆಳಂಬಾರಕ್ಕೆ ಬನ್ನಿ. ಬಾಗಿಲು ಇಳಿಸಿ, ಊರಿನವರ ಕೈಗೆ ಚಾವಿ ಕೊಡಿ, ತುಳಸಿದಾಸನನ್ನು ತಡೆದವನು ನಾನು ಎಂದು ಅಲ್ಲಿಯೇ ಹೇಳಿ. ನಿಮ್ಮ ಅಮಾನತನ್ನು ನಾನು ಕೇಳುವುದಿಲ್ಲ, ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂರುವುದು ನಿಮಗೆ ಶಿಕ್ಷೆಯಲ್ಲ. ವರ್ಗಾವಣೆಯಂತೂ ಬೇಡವೇ ಬೇಡ, ಬೇರೆ ಊರಿನ ಬಾಗಿಲುಗಳು ಏನು ಪಾಪ ಮಾಡಿವೆ? ನನಗೆ ಬೇಕಾಗಿರುವುದು ನೀವು ಒಂದು ಪಕ್ಷ ಪೂರ್ತಿ ಬೀರಿ ಚಿಕ್ಕಿಯ ಪಾಳಿ ಮಾಡುವುದು. ಪ್ರತಿ ಇಳಿತಕ್ಕೆ ಎದ್ದು ಚಕ್ರ ತಿರುಗಿಸಿ. ಅಂಗೈಯಲ್ಲಿ ಬೊಬ್ಬೆ ಏಳಲಿ. ನಾನು ಒಡ್ಡಿನ ಮೇಲೆ ಕೊಡೆ ಹಿಡಿದು ಕೂತು ನೋಡುತ್ತೇನೆ. ಅಯ್ಯೋ ಪಾಪ ಎನ್ನುವುದಿಲ್ಲ.

ನೀವು ಬಾರದಿದ್ದರೆ ಸರಪಳಿಯನ್ನು ನಾವು ಕತ್ತರಿಸುತ್ತೇವೆ. ಜಟ್ಟುವಿನ ಕೈಗೆ ಗರಗಸ ಕೊಡುವುದಿಲ್ಲ, ಅವನಿಗೆ ಸಣ್ಣ ಮಕ್ಕಳಿದ್ದಾರೆ. ನಾನೇ ಕತ್ತರಿಸುತ್ತೇನೆ. ಸರ್ಕಾರಿ ಸ್ವತ್ತಿಗೆ ಹಾನಿ ಎಂದು ದೂರು ಕೊಡುವುದಾದರೆ ಕೆಳಗಿನ ಹೆಸರನ್ನು ಬರೆಯಿರಿ. ನ್ಯಾಯಾಲಯ ಕೇಳಿದರೆ, ಆ ದಿನ ವೇದಿಕೆಯ ಮೇಲೆ ನೀವು ಏನು ಹೇಳಿದಿರಿ ಎಂಬುದನ್ನೂ ಪ್ರಮಾಣ ಮಾಡಿ ಹೇಳಲು ನನಗೆ ಅವಕಾಶ ಸಿಗುತ್ತದೆ. ದಯವಿಟ್ಟು ದೂರು ಕೊಡಿ.

ಇಂತಿ, ಇಷ್ಟು ತಿಂಗಳು ತಗ್ಗಿದ ದನಿಯಲ್ಲೇ ಮಾತಾಡಿ ಏನನ್ನೂ ಉಳಿಸಿಕೊಳ್ಳಲಾಗದ,
ಸುನೀತಾ ಗೌಡ
ಕೋಡಿಬಾಗ, ಕಾರವಾರ

ರಿಜಿಸ್ಟರ್ಡ್ ಅಂಚೆಗೆ ಹಾಕುವ ದಿನ: 2025ರ ಮೇ 19, ಸೋಮವಾರ