ಮನಸ್ಸೆ ಎಂಬ ಹೆಸರು

ಅಂಗಡಿಯ ಮೇಲಿನ ಕೋಣೆ,
ಮೇ ೧೨, ಭಾನುವಾರ

ಪ್ರೀತಿಯ ಮರಿ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದ ಬೆವರುಸಾಲೆ ಇಳಿಯಿತೇ? ಹೊಟ್ಟೆ ತುಂಬ ತಿನ್ನುತ್ತಿದ್ದೇನೆ ಅನ್ನುತ್ತೀಯ, ಆದರೆ ಫೋಟೋದಲ್ಲಿ ನಿನ್ನ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿದೆ. ದರ್ಜಿಯ ಹತ್ತಿರ ಸುಳ್ಳು ನಡೆಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಹೆಂಡತಿ, ಬೇಡವೆಂದರೂ ಕೇಳದೆ, ಮತ್ತೆ ಹೊಲಿಯಲು ಕೂತಿದ್ದಾಳೆ. ಮಗು ಪಕ್ಕದ ಬುಟ್ಟಿಯಲ್ಲಿ. ಯಂತ್ರದ ಸದ್ದು ಇದ್ದಷ್ಟು ಹೊತ್ತು ನಿದ್ದೆ, ನಿಂತರೆ ರಂಪ. ಮೂಗು ನಿನ್ನದೇ, ಪಾಪ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ‘ಮನಸ್ಸೆ’ ಎಂದಿಡಿ ಅಂತ ನೀನು ಹೇಳಿಕಳಿಸಿದಾಗ ಅವಳಿಗೆ ತುಂಬ ಹಿಡಿಸಿತ್ತು. “ನೋಡಿ ಅತ್ತೆ, ನಮ್ಮ ಮನಸ್ಸೇ ಕೈಕಾಲು ಮೂಡಿ ಬಂದ ಹಾಗಿದೆ” ಎಂದು ಮುದ್ದಾಡಿದಳು. ಕಿವಿಗೆ ಬಿದ್ದ ಅರ್ಥವನ್ನೇ ನಂಬಿಕೊಂಡು ನಾವಿಬ್ಬರೂ ಹಿಗ್ಗಿದೆವು. ಮೊನ್ನೆ ಪಾದ್ರಿಗಳು ಕೋಟಿನ ಒಳಪದರ ಹೊಲಿಸಿಕೊಂಡು ಹೋಗಲು ಬಂದರು. ಹೆಸರು ಕೇಳಿದ್ದೇ ಅವರ ಮುಖ ಅರಳಿತು. “ಒಳ್ಳೇ ಹೀಬ್ರೂ ಹೆಸರಮ್ಮ! ಮರೆಸುವವನು ಅಂತ ಅರ್ಥ. ಪಟ್ಟ ಕಷ್ಟವನ್ನೆಲ್ಲ ದೇವರು ಮರೆಸಿದ ಅಂತ ಬೈಬಲಿನ ಯೋಸೇಫ ತನ್ನ ಮೊದಲನೇ ಮಗನಿಗೆ ಇಟ್ಟಿದ್ದು” ಎಂದರು. ಯಂತ್ರ ತಟ್ಟನೆ ನಿಂತಿತು. ಬುಟ್ಟಿಯಿಂದ ಅಳು ಶುರುವಾಯಿತು.

ಹೋದ ವರ್ಷ ಹುಟ್ಟಿ ಒಂದು ವಾರವೂ ಉಳಿಯದ ನಮ್ಮ ಪುಟ್ಟಿಯ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಿನಗೆ ಗೊತ್ತೇ ಇದೆ. ನಿನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. “ನನಗೆ ಮರೆಯೋದು ಬೇಡ. ಅವಳನ್ನ ಮರೆಸೋಕೆ ಇವನು ಬಂದಿಲ್ಲ” ಎಂದಳು. ಪಾದ್ರಿಗಳು ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ಹಾಗೇ ನಿಂತುಬಿಟ್ಟರು. ನಾನು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಕೊನೆಗೆ ಅವಳೇ ಕೇಳಿದಳು, “ಹಾಗಾದ್ರೆ ಆ ಅಪ್ಪನ ಹೆಸರಿಗೆ ಏನರ್ಥ?”

“ಯೋಸೇಫ ಅಂದ್ರೆ ಕೂಡಿಸಲಿ ಅಂತ” ಎಂದರು ಅವರು ಮೆಲ್ಲಗೆ. “ಅವನ ತಾಯಿ, ದೇವರು ಇನ್ನೊಬ್ಬನನ್ನೂ ಕೊಡಲಿ ಅಂತ ಬೇಡಿಕೊಂಡು ಇಟ್ಟಿದ್ದು.”

“ಅದನ್ನೇ ಇಡೋಣ. ಅವಳು ಒಬ್ಬಳು, ಅವಳ ಜೊತೆಗೆ ಇವನು. ನನಗೆ ಇಬ್ಬರು ಮಕ್ಕಳು” ಎಂದಳು.

ಆಮೇಲೆ ಜೋರಾಗಿ ಅತ್ತಳು, ನಾನೂ ಅತ್ತೆ. ಅತ್ತಾದ ಮೇಲೆ ಅವಳು ಎಷ್ಟೋ ತಿಂಗಳ ನಂತರ ಮನಸಾರೆ ಊಟ ಮಾಡಿದಳು. ಪುಟ್ಟಿಯ ಬೆರಳುಗಳು ಎಷ್ಟು ಉದ್ದವಿದ್ದವು ಎಂದು ಇಬ್ಬರೂ ಮಾತಾಡಿಕೊಂಡೆವು. ಹೀಗಾಗಿ ನಿನ್ನ ಮಗ ಈಗ ಯೋಸೇಫ. ನೀನು ಆರಿಸಿದ ಹೆಸರು ಹೋಯಿತೆಂದು ಮುಖ ಊದಿಸಿಕೊಳ್ಳಬೇಡ.

ನೀನಿರುವ ನೀರು ಶಾಂತವಾಗಿರಲಿ, ನಿನ್ನ ಮೈಗೆ ಒಂದು ಗೀರೂ ಆಗದಿರಲಿ.

ನಿನ್ನ ಅಮ್ಮ

ಮರೆತಿದ್ದೆ: ಆ ಹೆಸರು ಆರಿಸಿದ್ದಕ್ಕೆ, ನೀನು ಪುಟ್ಟಿಯನ್ನು ಮರೆತೇಬಿಟ್ಟಿದ್ದೀಯ ಅಂತ ಅವಳು ತಿಳಿದಿದ್ದಾಳೆ. ಹಡಗಿಗೆ ಹೊರಡುವ ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನೀನು ಅತ್ತದ್ದು ನನಗೆ ಕೇಳಿಸಿತ್ತು. ನಾನು ಅವಳಿಗೆ ಹೇಳಿಲ್ಲ. ಅದನ್ನು ನೀನೇ ಹೇಳಬೇಕು. ಈ ಕಾಗದ ಕೈಸೇರಿದ ದಿನವೇ ಫೋನ್ ಮಾಡು.